ಧರ್ಮ, ಸಂವಿಧಾನ, ನಮ್ಮೂರು: ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಾಲ್ಕು ಕೂಟ ಮಾಡುವ ಆಲೋಚನೆ, ನಿಮ್ಮ ಅಭಿಪ್ರಾಯ ಬೇಕು

ಬದಿಯಡ್ಕ ಓದುಗ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಮ್ಮ ವಾಚನಾಲಯದ ಜಗಲಿಯಲ್ಲಿ ಏಳೆಂಟು ಜನ ಕೂತು ಒಂದು ಆಲೋಚನೆ ಮಾಡಿದೆವು. ನವೆಂಬರ್‌ನಿಂದ ಏಪ್ರಿಲ್ ಒಳಗೆ ನಾಲ್ಕು ಕೂಟ. ವಿಷಯ ಧರ್ಮ ಮತ್ತು ಸರಕಾರ. ಸೆಕ್ಯುಲರ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ನಮ್ಮ ಈ ಕಾಸರಗೋಡಿನ ಕಡೆ ಎಂತದು, ಹೇಗೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ, ಇದನ್ನು ನಾವೇ ಕೂತು ಮಾತಾಡುವುದು.

ಇದು ದೊಡ್ಡ ಊರಿಂದ ಯಾರಾದರೂ ಬಂದು ನಮಗೆ ಹೇಳಿಕೊಡಬೇಕಾದ ವಿಷಯ ಅಂತ ನನಗೆ ಮೊದಲು ಅನಿಸುತ್ತಿತ್ತು. ಈಗ ಹಾಗೆ ಅನಿಸುವುದಿಲ್ಲ. ಚೆರ್ಕಳದಿಂದ ಜಾಲ್ಸೂರು ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಎಡನೀರು ಸಿಗುತ್ತದೆ. ಅಲ್ಲಿನ ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು, 68 ದಿನ ವಾದ. 1973ರ ಏಪ್ರಿಲ್ 24ಕ್ಕೆ ತೀರ್ಪು ಬಂತು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಅಂತ ಏಳು ಜನ ಹೇಳಿದರು, ಆರು ಜನ ಒಪ್ಪಲಿಲ್ಲ. ಆ ಮೂಲ ಸ್ವರೂಪದಲ್ಲಿ ಏನೆಲ್ಲ ಬರುತ್ತದೆ ಅಂತ ಹೇಳುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಸೆಕ್ಯುಲರ್ ಗುಣವನ್ನೂ ಸೇರಿಸಿದರು. ಸಂವಿಧಾನದ ಪೀಠಿಕೆಗೆ ಆ ಶಬ್ದ ಬಂದದ್ದು 1976ರ 42ನೇ ತಿದ್ದುಪಡಿಯಲ್ಲಿ. ಶಬ್ದ ಬರುವ ಮೂರು ವರ್ಷ ಮೊದಲೇ ನಮ್ಮ ಎಡನೀರಿನ ಕೇಸಿನಲ್ಲಿ ಆ ಮಾತು ಬಂದಾಗಿತ್ತು. ದೇಶದ ಲಾ ಕಾಲೇಜುಗಳಲ್ಲೆಲ್ಲ ಇದನ್ನು ಓದುತ್ತಾರೆ. ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಹೇಳಿದವರಿಲ್ಲ. ನನಗೂ ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ನಾವು ಅಂದುಕೊಂಡದ್ದು ಹೀಗೆ. ನವೆಂಬರ್ 26 ಸಂವಿಧಾನ ದಿನ. ಅದರ ಹತ್ತಿರದ ಭಾನುವಾರ ಕೋರ್ಟಿನ ಕೇಸುಗಳ ಬಗ್ಗೆ. ಜನವರಿಯಲ್ಲಿ ನಮ್ಮ ದೈವಗಳ ನೇಮ, ಕಳಿಯಾಟ, ದರ್ಗಾದ ಉರೂಸ್, ಇಗರ್ಜಿ (ಚರ್ಚ್) ಹಬ್ಬದ ಬಗ್ಗೆ, ಸಂಜೆ ತಾಳಮದ್ದಳೆ (ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ). ಮಾರ್ಚ್ 23 ಕವಿ ಗೋವಿಂದ ಪೈಗಳು ಹುಟ್ಟಿದ ದಿನ, ಆಗ ಮಂಜೇಶ್ವರದಲ್ಲಿ ಸಾಹಿತ್ಯದ ಕೂಟ. ಕೊನೆಗೆ ಏಪ್ರಿಲ್ 24ಕ್ಕೆ ಎಲ್ಲರೂ ಸೇರಿ ಮುಕ್ತ ಚರ್ಚೆ. ಭಾಷೆ ಕನ್ನಡ. ಮಲಯಾಳ, ತುಳು, ಬ್ಯಾರಿ, ಕೊಂಕಣಿಯಲ್ಲಿ ಮಾತಾಡಿದರೂ ಬೇಡ ಅನ್ನುವುದಿಲ್ಲ.

ಏನು ಸರಿ, ಏನು ತಪ್ಪು, ಹೇಳಿ.

ಕಾಸರಗೋಡಿನ ವಕೀಲ

ಬಹಳ ಸಂತೋಷ ಆಯಿತು. ಒಂದು ಮಾತು ಸೇರಿಸುತ್ತೇನೆ. ಎಡನೀರು ಒಂದೇ ಅಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಿಂದ ಹೋದ ಮೂರು ಕೇಸುಗಳನ್ನು ಬಿಟ್ಟು ಈ ದೇಶದ ಧಾರ್ಮಿಕ ಸ್ವಾತಂತ್ರ್ಯದ ಕಾನೂನನ್ನು ಪಾಠ ಮಾಡಲು ಆಗುವುದಿಲ್ಲ.

ಒಂದನೆಯದು ಉಡುಪಿಯ ಶಿರೂರು ಮಠದ್ದು, 1954. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಮಠದ ಆಡಳಿತದಲ್ಲಿ ಸರಕಾರದ ಕಮಿಷನರ್ ಎಷ್ಟು ಕೈ ಹಾಕಬಹುದು ಅನ್ನುವ ಪ್ರಶ್ನೆ. ಒಂದು ಧರ್ಮದಲ್ಲಿ ಯಾವುದು ಅಗತ್ಯದ ಭಾಗ ಅನ್ನುವುದನ್ನು ಆ ಧರ್ಮದ ನಂಬಿಕೆಯಿಂದಲೇ ನೋಡಬೇಕು ಅಂತ ಕೋರ್ಟು ಹೇಳಿತು. ಹಣ, ಆಸ್ತಿಯ ಲೆಕ್ಕಾಚಾರವನ್ನು ಕಾನೂನಿನಿಂದ ನಿಯಂತ್ರಿಸಬಹುದು ಅಂತಲೂ ಹೇಳಿತು. ಈಗಲೂ ಯಾವ ಕೇಸು ಬಂದರೂ ವಕೀಲರು ಮೊದಲು ತೆಗೆಯುವುದು ಇದನ್ನೇ.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು, ತೀರ್ಪು 1957ರ ನವೆಂಬರ್‌ನಲ್ಲಿ. ಗೌಡ ಸಾರಸ್ವತರ ದೇವಸ್ಥಾನ. ಎಲ್ಲ ಜಾತಿಯ ಹಿಂದೂಗಳಿಗೂ ಪ್ರವೇಶ ಕೊಡಬೇಕಾ ಅನ್ನುವ ಪ್ರಶ್ನೆ. ಕೊಡಬೇಕು ಅಂತ ಕೋರ್ಟು ಹೇಳಿತು. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಮಾತ್ರ ಆ ಸಮುದಾಯದವರೇ ಇರಬಹುದು ಅಂತ ಒಂದು ದಾರಿ ಬಿಟ್ಟಿತು. ಇದರಲ್ಲಿ ನನ್ನ ಮನಸ್ಸಿಗೆ ತಟ್ಟುವ ಒಂದು ಸಣ್ಣ ಸಂಗತಿ ಉಂಟು. ಜಗಳ ಶುರುವಾದದ್ದು ಮದ್ರಾಸಿನ 1947ರ ದೇವಸ್ಥಾನ ಪ್ರವೇಶ ಕಾನೂನಿನಿಂದ. ಆದರೆ ತೀರ್ಪಿನ ತಲೆಬರಹದಲ್ಲಿ ಎದುರಾಳಿ ಮೈಸೂರು ರಾಜ್ಯ. ನಡುವೆ 1956ರ ನವೆಂಬರ್ 1 ಬಂತು, ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹೊಸದಾಗಿ ಮಾಡಿದ ದಿನ. ಮೂಲ್ಕಿ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಹೋಯಿತು. ಅದೇ ದಿನ ಕಾಸರಗೋಡಿನ ನಾವು ಕೇರಳಕ್ಕೆ ಬಂದೆವು. ಆ ತಲೆಬರಹ ನೋಡುವಾಗೆಲ್ಲ ನನಗೆ ನಮ್ಮ ಗಡಿ ನೆನಪಾಗುತ್ತದೆ.

ಮೂರನೆಯದು ಎಡನೀರು. ಬೊಮ್ಮಾಯಿ ಕೇಸನ್ನೂ ಸೇರಿಸಿ, 1994ರದ್ದು, ಒಂಬತ್ತು ನ್ಯಾಯಾಧೀಶರು. ಆದರೆ ಸ್ಪಷ್ಟವಾಗಿ ಹೇಳಬೇಕು: ಕರ್ನಾಟಕದ ಬೊಮ್ಮಾಯಿ ಅವರ ಸರಕಾರವನ್ನು 1989ರಲ್ಲಿ ಕೇಂದ್ರ ವಜಾ ಮಾಡಿದ್ದು ಬಹುಮತದ ಪ್ರಶ್ನೆಯಲ್ಲಿ. ಸೆಕ್ಯುಲರ್ ವಿಷಯ ಬಂದದ್ದು ಬಾಬರಿ ಮಸೀದಿ ಬಿದ್ದ 1992ರ ಡಿಸೆಂಬರ್ ನಂತರ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ಸರಕಾರಗಳಿಂದ. ಎಲ್ಲವನ್ನೂ ಒಟ್ಟಿಗೆ ವಿಚಾರಣೆ ಮಾಡಿದ್ದಕ್ಕೆ ಬೊಮ್ಮಾಯಿ ಹೆಸರು ಬಂತು. ಭಾಷಣಗಳಲ್ಲಿ ಇದನ್ನು ತಪ್ಪು ಹೇಳುವವರು ಜಾಸ್ತಿ.

ಮೊದಲ ಕೂಟಕ್ಕೆ ನಾನು ಬರುತ್ತೇನೆ. ಗೌರವಧನ ಬೇಡ.

ಎಣ್ಮಕಜೆ ಕೃಷಿಕ

ಎಡನೀರಿನ ಕೇಸು ಅಂದಾಗ ನಮ್ಮ ಮನೆಯಲ್ಲಿ ಯಾರಿಗೂ ಸೆಕ್ಯುಲರ್ ಅನ್ನುವುದು ನೆನಪಾಗುವುದಿಲ್ಲ. ಜಮೀನು ನೆನಪಾಗುತ್ತದೆ. ಇದನ್ನು ನೀವು ಬರೆದಿಲ್ಲ, ಅದಕ್ಕೆ ಬೇಜಾರಾಯಿತು.

ಸ್ವಾಮೀಜಿಗಳು ಕೋರ್ಟಿಗೆ ಹೋದದ್ದು ಯಾಕೆ? ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆ ಅಂತ. 1970ರ ಜನವರಿ 1ಕ್ಕೆ ಇಲ್ಲಿ ಗೇಣಿ ನಿಂತಿತು. ನನ್ನ ಅಜ್ಜ ಚಾಲಗೇಣಿಯ ಒಕ್ಕಲು, ಅಂದರೆ ಧಣಿ ಬೇಕಾದಾಗ ಬಿಡಿಸಬಹುದಾದ ಗೇಣಿ. ನಮ್ಮದು ಮಠದ ಭೂಮಿ ಅಲ್ಲ, ಬೇರೆ ಧಣಿಗಳದ್ದು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಅಳೆದು ಕೊಡಬೇಕಿತ್ತು. ಬೆಳೆ ಹೋದ ವರ್ಷವೂ ಕೊಡಬೇಕಿತ್ತು. ಕಾನೂನು ಬಂದ ಮೇಲೆ ಲ್ಯಾಂಡ್ ಟ್ರಿಬ್ಯೂನಲ್‌ನಿಂದ ಪಟ್ಟೆ (ಜಮೀನಿನ ಹಕ್ಕಿನ ಕಾಗದ) ಸಿಕ್ಕಿತು. ಅಜ್ಜ ಆ ಕಾಗದವನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು. ಈಗಲೂ ಅಲ್ಲೇ ಉಂಟು, ಅಮ್ಮ ಯಾರಿಗೂ ಮುಟ್ಟಲು ಕೊಡುವುದಿಲ್ಲ.

ಆ ತೀರ್ಪಿನಿಂದ ದೇಶಕ್ಕೆ ಒಳ್ಳೆಯದಾಗಿರಬಹುದು. ಆದರೆ ಕೇಸಿನಲ್ಲಿ ಸ್ವಾಮೀಜಿಗಳು ಗೆದ್ದಿದ್ದರೆ ನಮ್ಮಂಥವರ ಗತಿ ಏನಾಗುತ್ತಿತ್ತು? ಅದನ್ನೂ ಕೂಟದಲ್ಲಿ ಮಾತಾಡಬೇಕು. ಧರ್ಮದ ಚರ್ಚೆ ಅಂದರೆ ಬರೀ ಪೂಜೆ, ನಮಾಜು ಅಲ್ಲ. ಧರ್ಮದ ಹೆಸರಲ್ಲಿ ಭೂಮಿ ಯಾರ ಕೈಯಲ್ಲಿತ್ತು ಅನ್ನುವುದೂ ಅದರಲ್ಲಿ ಬರಬೇಕು.

ಕಾಸರಗೋಡಿನ ವಕೀಲ

ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಜಮೀನಿನ ಪ್ರಶ್ನೆಯಲ್ಲಿ ಸ್ವಾಮೀಜಿಗಳಿಗೆ ಕೋರ್ಟಿನಿಂದ ಪರಿಹಾರ ಸಿಗಲಿಲ್ಲ. ಕೇರಳದ ಭೂಸುಧಾರಣೆ ಕಾನೂನಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿ ಹಿಡಿಯಿತು. ಅಂದರೆ ನಿಮ್ಮ ಅಜ್ಜನ ಪಟ್ಟೆಯೂ ಉಳಿಯಿತು, ಸಂವಿಧಾನದ ಮೂಲ ಸ್ವರೂಪವೂ ಉಳಿಯಿತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಕಥೆ ಅರ್ಧ ಆಗುತ್ತದೆ.

ಬದಿಯಡ್ಕ ಓದುಗ

ಕೃಷಿಕರೇ, ತಪ್ಪಾಯಿತು. ಅದು ನನಗೆ ಹೊಳೆಯಲೇ ಇಲ್ಲ. ಏಪ್ರಿಲ್ 24ಕ್ಕೆ ಮೊದಲು ಮಾತಾಡುವುದು ಗೇಣಿ ಒಕ್ಕಲಿನ ಮನೆಯವರೇ ಆಗಲಿ. ನೀವು ಮಾತಾಡಬೇಕು.

ಮಂಜೇಶ್ವರದ ಟೀಚರ್

ಮಾರ್ಚ್ 23ರ ದಿನಾಂಕ ದಯವಿಟ್ಟು ಬದಲಿಸಿ. ಆಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕಾಲ. ಮಕ್ಕಳೂ ಬರುವುದಿಲ್ಲ, ಟೀಚರುಗಳೂ ಬರಲು ಆಗುವುದಿಲ್ಲ.

ಇನ್ನೊಂದು, ಶಬ್ದದ ವಿಷಯ. ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಈ ಒಂದು ಶಬ್ದದ ಹತ್ತಿರ ಬಂದಾಗ ಪ್ರತಿ ವರ್ಷ ಕಷ್ಟ ಆಗುತ್ತದೆ. ಕನ್ನಡದಲ್ಲಿ ಜಾತ್ಯತೀತ ಅನ್ನುತ್ತಾರೆ. ಮಕ್ಕಳು ಕೇಳುತ್ತಾರೆ, ಟೀಚರ್, ಜಾತಿ ಮೀರಿದ್ದು ಅಂತ ಅಲ್ವಾ, ಹಾಗಾದರೆ ಧರ್ಮ ಎಲ್ಲಿ ಹೋಯಿತು ಅಂತ. ಕೆಲವರು ಧರ್ಮನಿರಪೇಕ್ಷ ಅನ್ನುತ್ತಾರೆ. ಕರ್ನಾಟಕದಲ್ಲಿ ಈಗ ಶಾಲೆಗಳಲ್ಲಿ ಓದಿಸುವ ಕನ್ನಡ ಪೀಠಿಕೆಯಲ್ಲಿ ಸರ್ವಧರ್ಮ ಸಮಭಾವ ಅಂತ ಇದೆ. ನಮ್ಮ ಮಕ್ಕಳು ಹೊರಗೆ ಕೇಳುವುದು ಮಲಯಾಳದ ಮತೇತರ, ಮತನಿರಪೇಕ್ಷ. ಮಲಯಾಳದಲ್ಲಿ ಮತ ಅಂದರೆ ಧರ್ಮ. ನಮ್ಮಲ್ಲಿ ಮತ ಅಂದ ಕೂಡಲೇ ಮಕ್ಕಳಿಗೆ ಚುನಾವಣೆ ನೆನಪಾಗುತ್ತದೆ.

ಇದು ಸುಮ್ನೆ ಶಬ್ದದ ಜಗಳ ಅಲ್ಲ. ಜಾತ್ಯತೀತ ಅಂದರೆ ಜಾತಿಯನ್ನು ದಾಟಬೇಕು. ಧರ್ಮನಿರಪೇಕ್ಷ ಅಂದರೆ ಸರಕಾರ ಧರ್ಮವನ್ನು ಆಧರಿಸಿ ನಡೆಯಬಾರದು. ಸರ್ವಧರ್ಮ ಸಮಭಾವ ಅಂದರೆ ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣಬೇಕು. ಮೂರೂ ಬೇರೆ ಬೇರೆ ಕೆಲಸ. ದೇವರನ್ನು ನಂಬದವರಿಗೆ ಕೊನೆಯ ಶಬ್ದದಲ್ಲಿ ಜಾಗ ಎಲ್ಲಿದೆ ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ. ಉತ್ತರ ಕೊಡಲು ನನಗೆ ಒಂದು ದಿನ ಬೇಕಾಯಿತು. 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ, ನಿನ್ನ ಜಾಗ ಅಲ್ಲಿದೆ ಅಂತ ಮರುದಿನ ಹೇಳಿದೆ. ಮೊದಲ ಕೂಟದಲ್ಲಿ ಅರ್ಧ ಗಂಟೆ ಈ ಶಬ್ದಗಳಿಗೇ ಇಡಿ.

ಕೊನೆಯದಾಗಿ, ವೇದಿಕೆಯಲ್ಲಿ ಹೆಂಗಸರು ಇರಬೇಕು. ಹಿಂದೆ ಒಂದು ಕಡೆ ಇಂಥದೇ ಸೆಮಿನಾರಿಗೆ ಹೋಗಿದ್ದೆ. ವೇದಿಕೆಯಲ್ಲಿ ಎಂಟು ಗಂಡಸರು. ಪ್ರಾರ್ಥನೆ ಹಾಡಲು ಮಾತ್ರ ಒಬ್ಬಳು ಹುಡುಗಿ. ಧರ್ಮದ ಕಟ್ಟುಪಾಡು ಮೊದಲು ಬಂದು ಬೀಳುವುದು ಹೆಂಗಸರ ಮೇಲೆ. ಅವರನ್ನು ಬಿಟ್ಟು ಯಾವ ಚರ್ಚೆ? ಸಾರಾ ಅಬೂಬಕ್ಕರ್ ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲಿ. ತಲಾಖಿನ ನೋವನ್ನು ಅವರು ಕನ್ನಡದಲ್ಲಿ ಕಾದಂಬರಿ ಮಾಡಿದ್ದು 1980ರ ದಶಕದಲ್ಲಿ. ಸುಪ್ರೀಂ ಕೋರ್ಟು ಒಂದೇ ಉಸಿರಿನ ತಲಾಖನ್ನು ರದ್ದು ಮಾಡಿದ್ದು 2017ರಲ್ಲಿ. ನಮ್ಮೂರಿನ ಒಬ್ಬಳು ಹೆಂಗಸು ಮೂವತ್ತು ವರ್ಷ ಮುಂಚೆ ಹೇಳಿದ್ದಳು. ಸಾಹಿತ್ಯದ ಕೂಟದಲ್ಲಿ ಗೋವಿಂದ ಪೈಗಳ ಜೊತೆಗೆ ಅವರೂ ಬರಬೇಕು.

ಕುಂಬಳೆ ಕಡಲು

ಟೀಚರ್ ಹೇಳಿದ್ದು ನನಗೆ ಹಿಡಿಸಿತು. ಸಾರಾ ಅವರನ್ನು ನಮ್ಮ ಉಮ್ಮ ಓದಿದ್ದರು. ನಮ್ಮವರಲ್ಲೇ ಎಷ್ಟೋ ಜನ ಆಗ ಸಿಟ್ಟು ಮಾಡಿಕೊಂಡಿದ್ದರು ಅಂತ ಉಮ್ಮ ಹೇಳುತ್ತಿದ್ದರು. ಆದರೂ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಓದಿದ್ದರು.

ಈಗ ಜನವರಿ ಕೂಟದ ಬಗ್ಗೆ. ನೀವು ಖಂಡಿತ ಆರಿಕ್ಕಾಡಿಯ ಆಲಿ ಭೂತದ ಕಥೆ ಹೇಳುತ್ತೀರಿ. ಕ್ಷೇತ್ರದಲ್ಲಿ ಮುಸ್ಲಿಂ ದೈವ, ಎಲ್ಲರೂ ಕೈ ಮುಗಿಯುತ್ತಾರೆ, ನಮ್ಮವರೂ ಹೋಗಿ ನೋಡುತ್ತಾರೆ. ಉದ್ಯಾವರ ಮಾಡದ (ದೈವಸ್ಥಾನದ) ಕಥೆಯೂ ಬರುತ್ತದೆ. ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮೊದಲು ಒಂದು ಶುಕ್ರವಾರ ಪಾತ್ರಿಗಳು (ದೈವ ಮೈಮೇಲೆ ಬರುವವರು) ಸಾವಿರ ಜಮಾಅತ್‌ನ ಮಸೀದಿಗೆ ಬಂದು ಕರೆಯುತ್ತಾರೆ. ಅದನ್ನು ನಾನು ಸಣ್ಣವನಿರುವಾಗ ಬಾಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ಮೈ ಜುಂ ಅನ್ನುತ್ತದೆ. ಅದನ್ನೆಲ್ಲ ಹೇಳಲೇಬೇಕು.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆಲಿಯ ಕಥೆಯನ್ನು ಪೂರ್ತಿ ಹೇಳಿ. ಅವನು ಒಳ್ಳೆಯವನಲ್ಲ, ಹೆಂಗಸರಿಗೆ ಕಾಟ ಕೊಟ್ಟವ, ಅದಕ್ಕೇ ಸತ್ತ, ಆಮೇಲೆ ದೈವ ಆದ ಅಂತ ಹಿರಿಯರು ಹೇಳುತ್ತಾರೆ. ಅಂದರೆ ಜಗಳವೂ ಇತ್ತು. ಜಗಳ ಆದವನಿಗೂ ಒಂದು ಜಾಗ ಕೊಟ್ಟರು ನಮ್ಮ ಹಿರಿಯರು. ಬರೀ ಸೌಹಾರ್ದ ಅಂತ ಹೇಳಿದರೆ ಈ ಮುಖ್ಯ ಮಾತು ಬಿಟ್ಟುಹೋಗುತ್ತದೆ.

ಇನ್ನೊಂದು ನೋವಿನ ವಿಷಯ. ಹಿಂದಿನವರ ಕಥೆ ಹೇಳುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮರುದಿನ ನನ್ನ ತಂಗಿಗೆ ಬಾಡಿಗೆಗೆ ಮನೆ ಹುಡುಕಲು ಹೋದರೆ ಹೆಸರು ಕೇಳಿ ಇಲ್ಲ ಅನ್ನುತ್ತಾರೆ. ಎರಡು ಕಡೆ ಹಾಗಾಯಿತು. ನಮ್ಮವರ ಕೆಲವು ಬಿಲ್ಡಿಂಗುಗಳಲ್ಲೂ ಬೇರೆಯವರಿಗೆ ಕೊಡುವುದಿಲ್ಲ, ಅದೂ ನಿಜ. ಇಂದಿನದ್ದನ್ನು ಮಾತಾಡಲು ಒಂದು ಗಂಟೆ ಇಡಿ. ಸಮಯವನ್ನೂ ನೋಡಿ. ಶುಕ್ರವಾರ ಮಧ್ಯಾಹ್ನ ಜುಮಾ ಉಂಟು. ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೋಗುವವರಿದ್ದಾರೆ. ರಂಜಾನ್ ಯಾವಾಗ ಬರುತ್ತದೆ ಅಂತ ಕ್ಯಾಲೆಂಡರ್ ನೋಡಿ ದಿನ ಇಡಿ.

ಮಧುವಾಹಿನಿ

ನಾನು ಒಪ್ಪದ ಒಂದು ಮಾತು ಹೇಳುತ್ತೇನೆ. ಯಾರೂ ತಪ್ಪು ತಿಳಿಯಬೇಡಿ.

ನಾನು ಮಧೂರಿನ ಹತ್ತಿರದವನು. ಮದನಂತೇಶ್ವರ ಸಿದ್ಧಿವಿನಾಯಕ ನಮ್ಮ ಮನೆದೇವರು. 2025ರಲ್ಲಿ ಮೂಡಪ್ಪ ಸೇವೆ (ಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ) ಆದಾಗ ಊರಿಗೆ ಊರೇ ಸೇರಿ ಕೆಲಸ ಮಾಡಿತು. ನಾನೂ ಪಾತ್ರೆ ತೊಳೆದಿದ್ದೇನೆ. ಈ ದೇವಸ್ಥಾನ ಸರಕಾರದ ಮಲಬಾರ್ ದೇವಸ್ವಂ ಬೋರ್ಡಿನ ಕೆಳಗೆ ಬರುತ್ತದೆ. ಸರಕಾರ ಧರ್ಮದಿಂದ ದೂರ ಇರಬೇಕು ಅಂತಾದರೆ ದೇವಸ್ಥಾನಕ್ಕೆ ಬೋರ್ಡು ಯಾಕೆ? ಮಸೀದಿಯನ್ನು ಜಮಾಅತ್ ನೋಡಿಕೊಳ್ಳುತ್ತದೆ, ಇಗರ್ಜಿಯನ್ನು ಬಿಷಪರು ನೋಡಿಕೊಳ್ಳುತ್ತಾರೆ. ನಮಗೆ ಮಾತ್ರ ಸರಕಾರ. ಇಂಥ ಪ್ರಶ್ನೆ ಕೇಳಿದರೆ ಕೂಡಲೇ ಒಂದು ಹಣೆಪಟ್ಟಿ ಅಂಟಿಸುತ್ತಾರೆ. ಅದಕ್ಕೇ ನಮ್ಮಂಥವರು ಇಂಥ ಕಾರ್ಯಕ್ರಮಗಳಿಗೆ ಬರುವುದಿಲ್ಲ. ನಿಮ್ಮ ಕೂಟದಲ್ಲಿ ಇದನ್ನು ಕೇಳಲು ಬಿಡುತ್ತೀರಾ?

ಕಾಸರಗೋಡಿನ ವಕೀಲ

ಕೇಳಲೇಬೇಕಾದ ಪ್ರಶ್ನೆ. ಪೂರ್ತಿ ಉತ್ತರ ಇಲ್ಲಿ ಬರೆಯಲು ಆಗುವುದಿಲ್ಲ, ಎರಡು ಮಾತು ಮಾತ್ರ. 25ನೇ ವಿಧಿಯಲ್ಲೇ ಧರ್ಮಕ್ಕೆ ಸಂಬಂಧಪಟ್ಟ ಹಣಕಾಸಿನ ವ್ಯವಹಾರವನ್ನು ಸರಕಾರ ನಿಯಂತ್ರಿಸಬಹುದು ಅಂತ ಉಂಟು. ಹಿಂದೂ ದೇವಸ್ಥಾನಗಳನ್ನು ಎಲ್ಲ ಜಾತಿಗೂ ತೆರೆಯುವ ಅಧಿಕಾರವೂ ಅಲ್ಲೇ ಉಂಟು. ಮೂಲ್ಕಿ ಕೇಸು ನಿಂತದ್ದು ಅದರ ಮೇಲೆ. ವಕ್ಫ್ ಆಸ್ತಿಗೂ ಕಾನೂನು ಉಂಟು, ರಾಜ್ಯದ ವಕ್ಫ್ ಬೋರ್ಡು ಉಂಟು. ಆದ್ದರಿಂದ ನಮಗೆ ಮಾತ್ರ ಸರಕಾರ ಅನ್ನುವುದು ಪೂರ್ತಿ ಸರಿಯಲ್ಲ. ಆದರೆ ಹಿಡಿತ ಎಲ್ಲ ಕಡೆ ಒಂದೇ ಅಳತೆಯಲ್ಲಿದೆಯಾ ಅಂದರೆ ಇಲ್ಲ. ಶಿರೂರು ಮಠದವರು ಕೇಳಿದ್ದೂ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ. ಆಗ ಆ ಕಾನೂನಿನ ಕೆಲವು ಭಾಗಗಳು ಬಿದ್ದೇಹೋದವು. ನೀವು ಬನ್ನಿ, ಎದುರೆದುರು ಕೂತು ಮಾತಾಡೋಣ.

ಬದಿಯಡ್ಕ ಓದುಗ

ಮಧುವಾಹಿನಿಯವರೇ, ನೀವು ಸಭೆಯಲ್ಲಿ ಕೂತು ಕೇಳುವುದು ಬೇಡ. ವೇದಿಕೆಯಲ್ಲೇ ವಕೀಲರ ಪಕ್ಕದಲ್ಲಿ ಕೂತು ಇಪ್ಪತ್ತು ನಿಮಿಷ ಮಾತಾಡಿ. ಒಪ್ಪದವರು ಬಾರದ ಕೂಟ ನನಗೂ ಬೇಡ. ಎಲ್ಲರೂ ತಲೆ ಆಡಿಸಿ ಮನೆಗೆ ಹೋಗುವುದಾದರೆ ಇಷ್ಟು ಕಷ್ಟಪಡುವುದು ಯಾಕೆ?

ಬೇಳದ ವಿದ್ಯಾರ್ಥಿನಿ

ನಾನು ಎಂ.ಎ. ಕನ್ನಡ ಓದುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ, ಇಗರ್ಜಿ ನಮ್ಮ ಬೇಳದ್ದು, 1890ರದ್ದು. ಹಿರಿಯರ ಮಧ್ಯೆ ಮಾತಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಕ್ರಿಸ್ತನ ಕೊನೆಯ ದಿನದ ಮೇಲೆ ಗೋವಿಂದ ಪೈಗಳು ಬರೆದ 'ಗೊಲ್ಗೊಥಾ'ವನ್ನು ನಾನು ಮೊದಲು ಓದಿದ್ದು ಡಿಗ್ರಿಯಲ್ಲಿ. ಶುಭ ಶುಕ್ರವಾರದ ಪ್ರಾರ್ಥನೆಯನ್ನು ಸಣ್ಣಂದಿನಿಂದ ಕೊಂಕಣಿಯಲ್ಲಿ ಕೇಳಿದವಳು ನಾನು. ಮಂಜೇಶ್ವರದ ಒಬ್ಬ ಹಿಂದೂ ಕವಿ ಅದೇ ಸಂಕಟವನ್ನು ಹಳಗನ್ನಡದ ಬಿಗಿಯಲ್ಲಿ ಬರೆದದ್ದು ಓದಿ ಅತ್ತಿದ್ದೇನೆ. ಅವರ ಮನೆಮಾತೂ ಕೊಂಕಣಿಯೇ. ಬುದ್ಧನ ಕೊನೆಯ ದಿನಗಳ ಮೇಲೂ ಅವರು 'ವೈಶಾಖಿ' ಬರೆದರು. ಪೈಗಳ ಊರಿಗೆ ಹೋದಾಗ ಬಂಗ್ರಮಂಜೇಶ್ವರದ ಜೈನ ಬಸದಿಗೂ ಎಲ್ಲರೂ ನಡೆದು ಹೋಗೋಣ. ಎಷ್ಟೋ ಜನ ನೋಡಿಯೇ ಇಲ್ಲ.

ನನ್ನ ಮುಖ್ಯ ಮಾತು ಬೇರೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಇದು ಕ್ರಿಶ್ಚಿಯನ್ನರಿಗೆ, ಮುಸ್ಲಿಮರಿಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಅಲ್ಲಿ ಧರ್ಮ ಅಥವಾ ಭಾಷೆ ಅಂತ ಬರೆದಿದೆ. ಕಾಸರಗೋಡಿನ ಕನ್ನಡಿಗರು ಯಾವ ಧರ್ಮದವರೇ ಆಗಿರಲಿ, ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ನಾವು ಯಾವ ಕಾಗದ ಹಿಡಿದುಕೊಂಡು ಓಡುತ್ತೇವೋ, ಅದೇ ಕಾಗದದಲ್ಲಿ ಧರ್ಮದ ಅಲ್ಪಸಂಖ್ಯಾತರ ಹಕ್ಕೂ ಉಂಟು. ಒಂದನ್ನು ಹರಿದರೆ ಇನ್ನೊಂದೂ ಹರಿಯುತ್ತದೆ. ನಾನಂತೂ ಎರಡೂ ಲೆಕ್ಕದಲ್ಲಿ ಅಲ್ಪಸಂಖ್ಯಾತೆ. ಇಲ್ಲಿ ಬರೆದವರಲ್ಲಿ ಒಂದು ಲೆಕ್ಕದಲ್ಲಾದರೂ ಅಲ್ಪಸಂಖ್ಯಾತ ಅಲ್ಲದವರು ಯಾರಿದ್ದಾರೆ?

ಮಧುವಾಹಿನಿ

ತಂಗೀ, ಇದನ್ನು ನಾನು ಹೀಗೆ ಆಲೋಚಿಸಿರಲಿಲ್ಲ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಅದು ಈಗ ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಯಲ್ಲಿದೆ. ಅದನ್ನು ಉಳಿಸಲು ಎಷ್ಟು ಓಡಾಡಿದ್ದೇನೆ ಅಂತ ನನಗೇ ಗೊತ್ತು. ಬೋರ್ಡಿನ ಪ್ರಶ್ನೆ ಬಿಡುವುದಿಲ್ಲ. ಆದರೆ ನಿನ್ನ ಮಾತು ಕೇಳಲು ಖಂಡಿತ ಬರುತ್ತೇನೆ.

ಪೆರ್ಲದ ಅರ್ಥಪ್ರಿಯ

ಕೂಟಕ್ಕೆ ತಾಳಮದ್ದಳೆ ಇಟ್ಟದ್ದು ಒಳ್ಳೆಯ ಕೆಲಸ. ಆದರೆ ಅದನ್ನು ಸಂಜೆಯ ಮನರಂಜನೆ ಅಂತ ಇಡಬೇಡಿ. ಅದೇ ಮುಖ್ಯ ಚರ್ಚೆ ಆಗಲಿ. ಧರ್ಮದ ಬಗ್ಗೆ ಸಭೆಯಲ್ಲಿ ಎದುರೆದುರು ಕೂತು ವಾದ ಮಾಡುವುದನ್ನು ನಮಗೆ ಸೆಮಿನಾರಿನವರು ಕಲಿಸಿದ್ದಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಸಭೆಯಲ್ಲಿ ಕೂತವರೆಲ್ಲ ರಾಮನ ಭಕ್ತರು. ಆದರೂ ವಾಲಿಯ ಅರ್ಥ (ಪಾತ್ರದ ಮಾತು) ಗಟ್ಟಿ ಇದ್ದರೆ ಅವನಿಗೂ ತಲೆದೂಗುತ್ತಾರೆ. ದೇವರನ್ನು ಪ್ರಶ್ನೆ ಕೇಳಿದ ಅಂತ ಯಾರೂ ಎದ್ದು ಹೋಗುವುದಿಲ್ಲ. ಇದಕ್ಕಿಂತ ದೊಡ್ಡ ಪಾಠ ಯಾವುದು?

ಯಕ್ಷಗಾನದ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪ ಬ್ಯಾರಿಯನ್ನು ನೋಡಿದವರು ಈಗಲೂ ನಮ್ಮಲ್ಲಿ ಇದ್ದಾರೆ. ಮೂಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಪಾತ್ರ. ಅವರ ಬ್ಯಾರಿ ಬರೀ ನಗಿಸುವ ವೇಷ ಆಗಿರಲಿಲ್ಲ. ಅವನ ದೇವರೂ ಅವನಿಗೆ ದೊಡ್ಡವನು, ಈ ಅಮ್ಮನೂ ದೊಡ್ಡವಳು, ಆ ಎರಡರ ನಡುವಿನ 
ತೊಳಲಾಟವನ್ನು ತೋರಿಸುತ್ತಿದ್ದರು. ನನ್ನ ಅಪ್ಪ ಅದನ್ನು ಹೇಳುವಾಗ ಸ್ವರ ಬದಲಾಗುತ್ತಿತ್ತು. ಮೂಲ್ಕಿಯಲ್ಲಿ ಒಂದು ದೇವಸ್ಥಾನದ ಕೇಸು, ಅದೇ ಊರಲ್ಲಿ ಬಪ್ಪ ಬ್ಯಾರಿಯ ಕಥೆ. ಎರಡನ್ನೂ ಒಂದೇ ದಿನ ಇಟ್ಟರೆ ಎಷ್ಟು ಚೆಂದ. ಎಡನೀರಿನ ಕೇಶವಾನಂದ ಭಾರತಿಗಳೂ ಯಕ್ಷಗಾನವನ್ನು ಪ್ರಾಣದ ಹಾಗೆ ಪ್ರೀತಿಸಿದವರು. ಸ್ವತಃ ಭಾಗವತಿಕೆ (ಯಕ್ಷಗಾನದ ಹಾಡುಗಾರಿಕೆ) ಮಾಡುತ್ತಿದ್ದರು. 2020ರಲ್ಲಿ ತೀರಿಕೊಂಡಾಗ ಪೇಪರಿನವರು ಕೋರ್ಟಿನ ಕೇಸನ್ನು ನೆನೆದರು, ನಾವು ಅವರ ಪದವನ್ನು ನೆನೆದೆವು.

ಚೆಂಡೆ, ಮದ್ದಳೆ, ಜಾಗಟೆಯ ವ್ಯವಸ್ಥೆ ನನ್ನ ಮೇಲೆ ಬಿಡಿ.

ಕುಂಬಳೆ ಕಡಲು

ಭಟ್ಟರ ಬಪ್ಪ ಬ್ಯಾರಿಯನ್ನು ನಮ್ಮ ಬಾಪ ಕೂಡ ನೋಡಿದ್ದಾರೆ. ರಾತ್ರಿ ಬಯಲಾಟಕ್ಕೆ ಕಡ್ಲೆ ಮಾರಲು ಹೋಗುತ್ತಿದ್ದರು. ಆ ವೇಷ ರಂಗಕ್ಕೆ ಬಂದಾಗ ಮಾತ್ರ ಕಡ್ಲೆ ಬುಟ್ಟಿ ಬಿಟ್ಟು ಎದುರು ಹೋಗಿ ಕೂರುತ್ತಿದ್ದರಂತೆ. ತಾಳಮದ್ದಳೆಗೆ ಅವರನ್ನು ಕರೆದುಕೊಂಡು ಬರುತ್ತೇನೆ. ಕಾಲು ನೋವು, ಕುರ್ಚಿ ಬೇಕು.

ಮಂಜೇಶ್ವರದ ಟೀಚರ್

ಕೂಟ ಶುರು ಮಾಡುವುದು ಹೇಗೆ? ದೀಪ ಹಚ್ಚುವುದಾ? ನಮ್ಮಲ್ಲಿ ಇದೇ ದೊಡ್ಡ ವಿಷಯ ಆಗುತ್ತದೆ. ಕೆಲವು ಮುಸ್ಲಿಂ ಬಂಧುಗಳು ದೀಪ ಹಚ್ಚುವುದಿಲ್ಲ. ಅವರನ್ನು ವೇದಿಕೆಗೆ ಕರೆದು ಕಷ್ಟಕ್ಕೆ ಸಿಕ್ಕಿಸುವುದು ಬೇಡ. ಹಾಗಂತ ದೀಪ ಹಚ್ಚುವವರಿಗೆ ಅದನ್ನು ಬಿಟ್ಟುಕೊಟ್ಟೆವು ಅಂತ ಬೇಜಾರಾಗುವುದೂ ಬೇಡ.

ಬೇಳದ ವಿದ್ಯಾರ್ಥಿನಿ

ಟೀಚರ್, ಪೀಠಿಕೆ ಓದಿ ಶುರು ಮಾಡೋಣವಾ? ಕನ್ನಡದಲ್ಲಿ ಒಬ್ಬರು, ಮಲಯಾಳದಲ್ಲಿ ಒಬ್ಬರು. ತುಳು, ಬ್ಯಾರಿ, ಕೊಂಕಣಿಗೆ ನಾವೇ ಕೂತು ಅನುವಾದ ಮಾಡುವುದು. ಆ ಒಂದು ಶಬ್ದಕ್ಕೆ ತುಳುವಿನಲ್ಲಿ ಏನು ಹೇಳುವುದು ಅಂತ ಹುಡುಕುವಾಗಲೇ ಅರ್ಧ ಚರ್ಚೆ ಆಗಿಬಿಡುತ್ತದೆ. ಎದ್ದು ನಿಂತು ಓದಲೇಬೇಕು ಅಂತ ಯಾರಿಗೂ ಒತ್ತಾಯ ಬೇಡ. ಕೇರಳದ ಮೂವರು ಮಕ್ಕಳ ಕೇಸು ನೆನಪಿದೆ ಅಲ್ವಾ? ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ತಮ್ಮ ನಂಬಿಕೆಗೆ ಒಪ್ಪುವುದಿಲ್ಲ ಅಂತ ಹಾಡಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳ ಪರ ನಿಂತಿತು.

ಎಣ್ಮಕಜೆ ಕೃಷಿಕ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ, ಹಪ್ಪಳ. ಎಲ್ಲರಿಗೂ ಆಗುತ್ತದೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು, ಬೇರೆ ಪಂಕ್ತಿ ಇಲ್ಲ. ನನ್ನ ಅಜ್ಜ ಧಣಿಗಳ ಮನೆಯ ಅಂಗಳದ ಕೆಳಗೆ ಬಾಳೆ ಎಲೆ ಹಾಕಿ ಉಂಡವರು. ಅಕ್ಕಿ ನಾನು ಕೊಡುತ್ತೇನೆ, ನಮ್ಮ ಗದ್ದೆಯದ್ದು.

ಮಂಜೇಶ್ವರದ ಟೀಚರ್

ಬಡಿಸಲು ನಮ್ಮ ಕುಟುಂಬಶ್ರೀಯವರು (ಹೆಂಗಸರ ಸ್ವಸಹಾಯ ಗುಂಪಿನವರು) ಬರುತ್ತಾರೆ. ಆದರೆ ಬರೀ ಬಡಿಸಲು ಅಲ್ಲ, ಅವರಲ್ಲಿ ಇಬ್ಬರು ಮಾತಾಡುತ್ತಾರೆ. ಆಗಲೇ ಕೇಳಿ ಒಪ್ಪಿಸಿದ್ದೇನೆ. ಗಂಡಸರೂ ಬಡಿಸಲಿ.

ಬದಿಯಡ್ಕ ಓದುಗ

ಎಲ್ಲವನ್ನೂ ಬರೆದುಕೊಂಡೆ. ನಿನ್ನೆ ರಾತ್ರಿ ಮತ್ತೆ ಕೂತೆವು. ಹೀಗೆ ಬದಲಿಸಿದ್ದೇವೆ.

ನವೆಂಬರ್ ಕೂಟ ಭಾನುವಾರ ಬೆಳಿಗ್ಗೆ ಬೇಡ, ಮಧ್ಯಾಹ್ನ ಎರಡಕ್ಕೆ ಶುರು. ಐದು ಭಾಷೆಯಲ್ಲಿ ಪೀಠಿಕೆ, ಆಮೇಲೆ ಟೀಚರ್ ಅವರ ಶಬ್ದದ ಪಾಠ, ಆಮೇಲೆ ವಕೀಲರು ಮತ್ತು ಮಧುವಾಹಿನಿಯವರು ಎದುರೆದುರು. ಜನವರಿಯಲ್ಲಿ ಆಲಿ ಭೂತ, ಉದ್ಯಾವರ ಮಾಡ, ಬಾಡಿಗೆ ಮನೆಯ ಮಾತು, ಕೊನೆಗೆ ವಾಲಿವಧೆ. ಬಾಡಿಗೆ ಮನೆಯ ಮಾತನ್ನು ನಡೆಸಿಕೊಡಲು ಕುಂಬಳೆ ಕಡಲು ಅವರನ್ನೇ ಕೇಳಿಕೊಳ್ಳುತ್ತೇವೆ. ಸಾಹಿತ್ಯದ ಕೂಟ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಮೊದಲ ವಾರಗಳಲ್ಲಿ, ಮಂಜೇಶ್ವರದಲ್ಲಿ. ಪೈಗಳು ಮತ್ತು ಸಾರಾ ಇಬ್ಬರೂ. ಬಸದಿಗೆ ನಡಿಗೆ. ಏಪ್ರಿಲ್ 24ಕ್ಕೆ ಮೊದಲು ಕೃಷಿಕರು, ಆಮೇಲೆ 30ನೇ ವಿಧಿಯ ಬಗ್ಗೆ ಬೇಳದ ತಂಗಿ, ಆಮೇಲೆ ಸಭೆಗೆ ಮೈಕು.

ಜಾಗ ಯಾವ ದೇವಸ್ಥಾನ, ಮದ್ರಸ, ಇಗರ್ಜಿಯ ಹಾಲ್ ಕೂಡ ಅಲ್ಲ. ಮೂರು ಕಡೆಯವರೂ ಪ್ರೀತಿಯಿಂದ ಕೊಡುತ್ತೇವೆ ಅಂದರು, ಅವರಿಗೆ ಋಣಿ. ಆದರೆ ಪಂಚಾಯತ್ ಶಾಲೆಯ ಹಾಲ್ ಕೇಳಿದ್ದೇವೆ. ಯಾರೂ ಯಾರ ಮನೆಗೂ ಅತಿಥಿಯಾಗಿ ಬಂದ ಹಾಗೆ ಆಗಬಾರದು.

ಕೃಷಿಕರೇ, ಒಂದು ವಿನಂತಿ. ನಿಮ್ಮ ಅಜ್ಜನ ಪಟ್ಟೆಯನ್ನು ಅಂದು ಸಭೆಗೆ ತೋರಿಸಲು ಆಗುತ್ತದಾ? ತೀರ್ಪಿನ ಪುಟದ ಪಕ್ಕದಲ್ಲಿ ಇಡಬೇಕು ಅಂತ ಆಸೆ.

ಎಣ್ಮಕಜೆ ಕೃಷಿಕ

ಅಮ್ಮನ ಹತ್ತಿರ ಕೇಳಿದೆ. ಮೊದಲು ಆಗುವುದಿಲ್ಲ ಅಂದರು. ಅದರ ಪಕ್ಕದಲ್ಲಿ ಏನಿಡುತ್ತಾರೆ ಅಂತ ಕೇಳಿದರು. ಎಡನೀರು ಸ್ವಾಮಿಗಳ ಕೇಸಿನ ಕಾಗದ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಗಾಜಿನ ಪೆಟ್ಟಿಗೆ ಇದ್ದರೆ ತೆಗೆದುಕೊಂಡು ಹೋಗು, ಸಂಜೆ ದೀಪ ಇಡುವ ಹೊತ್ತಿಗೆ ವಾಪಸ್ ಬೇಕು, ನಾನೂ ಜೊತೆಗೆ ಬರುತ್ತೇನೆ ಅಂದರು.

ಗಾಜಿನ ಪೆಟ್ಟಿಗೆ ಯಾರಲ್ಲಿ ಉಂಟು?